ಗೋಮಿ ದಡಿಯ ಹನ್ನೊಂದು ಸೀರೆಗಳು: ಜೆಕ್ವೆರಿಯಲ್ಲಿ ಒಟ್ಟಿಗೆ ಆರಿಸಿದಾಗ ಕೆಲವು ಅಂಶಗಳು ತಪ್ಪಿಹೋದರೆ

ನಾಗರ ಪಂಚಮಿಗೆ ಎಂಟು ದಿನ ಉಳಿದಿತ್ತು. ರಾತ್ರಿ ಊಟಕ್ಕೆ ಕುಳಿತಿದ್ದಾಗ ಇಳಕಲ್‌ನ ಸೀರೆ ಅಂಗಡಿಯ ಕಾಕಾ ಫೋನ್ ಮಾಡಿದರು.

“ತಮ್ಮಾ, ನೀನು ಮಾಡಿಕೊಟ್ಟ ಪುಟದಲ್ಲಿ ಗೋಮಿ ದಡಿಯ ಕೆಲವು ಸೀರೆಗಳಿಗೆ ರಿಯಾಯಿತಿ ಬಿದ್ದಿದೆ, ಕೆಲವಕ್ಕೆ ಬಿದ್ದಿಲ್ಲ. ಒಂದೇ ನಮೂನೆಯ ಸೀರೆಗೆ ಎರಡು ದರ ಹೇಗೆ ಎಂದು ಗಿರಾಕಿಗಳು ಕೇಳುತ್ತಿದ್ದಾರೆ. ನಾನು ಏನು ಹೇಳಲಿ?”

“ಇವತ್ತು ರಾತ್ರಿಯೇ ನೋಡುತ್ತೇನೆ ಕಾಕಾ,” ಎಂದೆ. ಬಾಗಲಕೋಟೆಯ ನವನಗರದ ನನ್ನ ಕೋಣೆಯಲ್ಲಿ ಕುಳಿತು ನೋಡಿದೆ. ದೋಷ ಕೈಗೆ ಸಿಕ್ಕಿದ್ದು ಬೆಳಗಿನ ಜಾವಕ್ಕೆ. ಇನ್ನೊಬ್ಬರ ರಾತ್ರಿ ಹಾಗೆ ಹೋಗಬಾರದು ಎಂದು, ಹುಡುಕಿದ ಕ್ರಮವನ್ನೂ ಹುಡುಕಬೇಕಾಗಿದ್ದ ಕ್ರಮವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಪುಟ ಸರಳವಾದದ್ದು; ಅದನ್ನು ನಡೆಸುವುದು ಜೆಕ್ವೆರಿ, ಅಂದರೆ ಪುಟದ ಅಂಶಗಳನ್ನು ಆರಿಸಿ ಬದಲಿಸಲು ನೆರವಾಗುವ ಜಾವಾಸ್ಕ್ರಿಪ್ಟ್ ಲೈಬ್ರರಿ. ಒಂದೊಂದು ಸೀರೆಗೆ ಒಂದೊಂದು ಕಾರ್ಡ್, ಒಟ್ಟು 74. ಪ್ರತಿ ಕಾರ್ಡಿಗೂ ಅದರ ದಡಿಯ (ಅಂಚಿನ) ಹೆಸರೇ ಕ್ಲಾಸ್, ಅಂದರೆ ಒಂದೇ ಬಗೆಯ ಅಂಶಗಳಿಗೆ ಕೊಡುವ ಗುಂಪಿನ ಗುರುತು: ಚಿಕ್ಕಿ, ಗೋಮಿ, ಗಾಡಿ, ಗಾಯತ್ರಿ. ಅಂಗಡಿಯವರು ನಮೂದಿಸುವ ಪಟ್ಟಿಯಿಂದಲೇ ಈ ಹೆಸರುಗಳು ಪುಟಕ್ಕೆ ಬರುತ್ತವೆ. ಕ್ಲಾಸ್ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಬಹುದೇ ಎಂದು ಹಲವರು ಕೇಳುತ್ತಾರೆ. ಖಂಡಿತ ಇಡಬಹುದು, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ನಿಯಮಕ್ಕೂ ಜೆಕ್ವೆರಿಗೂ ಅದು ಪೂರ್ತಿ ಒಪ್ಪಿಗೆ. ಪಂಚಮಿ ರಿಯಾಯಿತಿಯ ಗುಂಡಿ ಒತ್ತಿದರೆ ಗೋಮಿ ಮತ್ತು ಗಾಡಿ ದಡಿಯ ಸೀರೆಗಳನ್ನು ಒಟ್ಟಿಗೆ ಹಿಡಿಯಬೇಕು. ಅದಕ್ಕೆ ನಾನು ಬರೆದ ಆಯ್ಕೆಯ ಸಾಲು ಇಷ್ಟೇ (ಉದ್ಧರಣ ಚಿಹ್ನೆಯ ಒಳಗಿನದು ಸೆಲೆಕ್ಟರ್; ಚುಕ್ಕಿ ಎಂದರೆ ಕ್ಲಾಸ್):

$('.ಗೋಮಿ, .ಗಾಡಿ')

ಮುಂದೆ ಬರುವ ಲೆಂಗ್ತ್, ಆ್ಯಡ್, ಆನ್ ಮುಂತಾದ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ; ಕೋಡಿನಲ್ಲಿ ಟೈಪ್ ಮಾಡುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಆಯ್ಕೆಯ ಸಾಲುಗಳನ್ನು ಮಾತ್ರ ಇಲ್ಲಿ ಇರುವಂತೆಯೇ ಹಾಕಿದರೂ ನಡೆಯುತ್ತವೆ.

ಮೊದಲು ಎಣಿಸಿ

ನಾನು ಮಾಡಿದ ದೊಡ್ಡ ತಪ್ಪು ಎಣಿಸದೆ ಊಹಿಸಲು ಹೊರಟಿದ್ದು. ಬ್ರೌಸರಿನ ಹಳೆಯ ಸಂಗ್ರಹ ಅಳಿಸಿದೆ, ಇನ್ನೊಂದು ಮೊಬೈಲಿನಲ್ಲಿ ತೆರೆದು ನೋಡಿದೆ, ರಿಯಾಯಿತಿ ಲೆಕ್ಕ ಹಾಕುವ ಭಾಗವನ್ನು ಎರಡು ಸಲ ಓದಿದೆ. ಗಂಟೆ ಹನ್ನೊಂದಾಯಿತು. ಆಗಲೂ ಎಷ್ಟು ಸೀರೆ ತಪ್ಪಿಹೋಗಿವೆ ಎಂಬುದು ನನಗೆ ಗೊತ್ತಿರಲಿಲ್ಲ.

ಜೆಕ್ವೆರಿ ಈ ವಿಷಯದಲ್ಲಿ ಮೌನಿ. ಕೇಳಿದ ಅಂಶಗಳಲ್ಲಿ ಅರ್ಧ ಸಿಕ್ಕರೂ, ಒಂದೂ ಸಿಗದಿದ್ದರೂ ಅದು ದೋಷದ ಸಂದೇಶ ಕೊಡುವುದಿಲ್ಲ. ಒಂದೂ ಸಿಗದಿದ್ದರೆ ಖಾಲಿ ಗುಂಪನ್ನೇ ಕೈಗಿಡುತ್ತದೆ. ಆ ಖಾಲಿ ಗುಂಪಿನ ಮೇಲೆ ಬಣ್ಣ ಬದಲಿಸು, ಬೆಲೆ ಇಳಿಸು ಎಂದರೆ ಎಲ್ಲ ಆಜ್ಞೆಗಳೂ ನಿರಾತಂಕವಾಗಿ ಓಡಿ ಮುಗಿಯುತ್ತವೆ. 2006ರಲ್ಲಿ ಜಾನ್ ರೆಸಿಗ್ ಹೊರತಂದ ಈ ಲೈಬ್ರರಿಯ ಸ್ವಭಾವವೇ ಅದು, ಮತ್ತು ಬಹುಪಾಲು ಸಮಯ ಅದು ಉಪಕಾರವೇ. ದೋಷ ಹುಡುಕುವಾಗ ಮಾತ್ರ ಮಾತನಾಡಿಸುವ ಹೊಣೆ ನಮ್ಮದಾಗುತ್ತದೆ. ಮಾತನಾಡಿಸುವ ದಾರಿ ಎಂದರೆ ಲೆಂಗ್ತ್: ಆಯ್ಕೆಯಾದ ಅಂಶಗಳು ಎಷ್ಟು ಎಂದು ಅದು ಹೇಳುತ್ತದೆ. ಹಳೆಯ ಪಾಠಗಳಲ್ಲಿ ಇದೇ ಕೆಲಸಕ್ಕೆ ಸೈಜ್ ಎಂಬ ವಿಧಾನ ಕಾಣಬಹುದು, ಜೆಕ್ವೆರಿ 3.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಇರಬೇಕಾದ ಸಂಖ್ಯೆ ಪುಟದ ಹೊರಗಿನಿಂದ ಬರಬೇಕು. ಪುಟವನ್ನೇ ಕೇಳಿ ಪುಟವನ್ನು ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಕಾಕಾನ ಸ್ಟಾಕ್ ಪುಸ್ತಕದಲ್ಲಿ ಗೋಮಿ 18, ಗಾಡಿ 23, ಕೂಡಿಸಿದರೆ 41. ಬ್ರೌಸರಿನಲ್ಲಿ ಕೋಡಿನ ಸಾಲು ಬರೆದು ಉತ್ತರ ಪಡೆಯುವ ಕನ್ಸೋಲ್ ಹೇಳಿದ್ದು 30. ಹನ್ನೊಂದು ಕಡಿಮೆ. ನಂತರ ಜೋಡಿ ಆಯ್ಕೆಯನ್ನು ಬಿಡಿಸಿ ಒಂದೊಂದನ್ನೇ ಕೇಳಿದೆ: ಗಾಡಿ 23, ಗೋಮಿ 7. ಈ ಒಂದು ನಿಮಿಷದ ಕೆಲಸವನ್ನು ಒಂಬತ್ತು ಗಂಟೆಗೇ ಮಾಡಿದ್ದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತಿತ್ತು, ಏಕೆಂದರೆ ತೊಂದರೆ ಗೋಮಿಯಲ್ಲಿ ಮಾತ್ರ ಇದೆ ಎಂಬುದು ಅಲ್ಲೇ ಖಚಿತವಾಯಿತು.

ಎಣಿಸುವಾಗ ಎರಡು ಎಚ್ಚರಿಕೆ. ಒಂದೇ ಕಾರ್ಡಿಗೆ ಕೇಳಿದ ಎರಡೂ ಕ್ಲಾಸ್ ಇದ್ದರೆ ಜೋಡಿ ಆಯ್ಕೆಯಲ್ಲಿ ಅದು ಒಮ್ಮೆ ಮಾತ್ರ ಬರುತ್ತದೆ. ಗೋಮಿ ಮತ್ತು ರೇಷ್ಮೆಯನ್ನು ಒಟ್ಟಿಗೆ ಕೇಳಿದಾಗ ಬಿಡಿ ಎಣಿಕೆಗಳ ಮೊತ್ತಕ್ಕಿಂತ ಕಡಿಮೆ ಬಂದರೆ ಅದು ದೋಷವಲ್ಲ. ರೇಷ್ಮೆಯ ಗೋಮಿ ಸೀರೆಗಳನ್ನು ಎರಡು ಸಲ ಎಣಿಸಿಲ್ಲ ಅಷ್ಟೇ. ಎರಡನೆಯದು ಕನ್ಸೋಲಿನದು. ಪುಟದಲ್ಲಿ ಜೆಕ್ವೆರಿ ಲೋಡ್ ಆಗದೆ ಇದ್ದಾಗಲೂ ಕ್ರೋಮ್ ಕನ್ಸೋಲಿನಲ್ಲಿ ಡಾಲರ್ ಚಿಹ್ನೆ ಕೆಲಸ ಮಾಡುತ್ತದೆ. ಅದು ಬ್ರೌಸರಿನ ಸ್ವಂತ ಅಡ್ಡದಾರಿ, ಮೊದಲು ಸಿಕ್ಕ ಒಂದೇ ಅಂಶವನ್ನು ಕೊಡುತ್ತದೆ. ಹತ್ತು ಇರುವಲ್ಲಿ ಒಂದೇ ಬಂತೆಂದು ಸೆಲೆಕ್ಟರ್ ತಿದ್ದುತ್ತಾ ಕೂರುವ ಮೊದಲು ಲೈಬ್ರರಿ ನಿಜವಾಗಿ ಬಂದಿದೆಯೇ ನೋಡಿ.

ಬ್ರೌಸರಿನ ಎಲಿಮೆಂಟ್ಸ್ ಫಲಕದಲ್ಲಿ ಕಂಟ್ರೋಲ್ ಒತ್ತಿ ಎಫ್ ಕೀಲಿ ಒತ್ತಿದರೆ ಬರುವ ಹುಡುಕು ಪಟ್ಟಿಗೂ ಸೆಲೆಕ್ಟರ್ ಕೊಡಬಹುದು. ಎಷ್ಟು ಸಿಕ್ಕವು ಎಂದು ಅದೂ ಹೇಳುತ್ತದೆ. ಅಲ್ಲಿಯೂ ಅದೇ ಸಂಖ್ಯೆ ಬಂದರೆ ಜೆಕ್ವೆರಿಯ ಮೇಲಿನ ಅನುಮಾನ ಬಿಡಬಹುದು. ನನಗೆ ಅಲ್ಲಿಯೂ 7 ಬಂತು.

ಅಲ್ಪವಿರಾಮ ಎಲ್ಲಿದೆ?

ಹಲವನ್ನು ಒಟ್ಟಿಗೆ ಆರಿಸುವ ಸಾಲು ಕೆಟ್ಟಿದ್ದರೆ ಹತ್ತರಲ್ಲಿ ಎಂಟು ಸಲ ಕಾರಣ ಅಲ್ಪವಿರಾಮವೇ ಎಂಬುದು ನನ್ನ ಅನುಭವ. ಈ ನಾಲ್ಕು ಸಾಲುಗಳನ್ನು ನಿಧಾನವಾಗಿ ನೋಡಿ:

$('.ಗೋಮಿ, .ಗಾಡಿ')
$('.ಗೋಮಿ.ಗಾಡಿ')
$('.ಗೋಮಿ .ಗಾಡಿ')
$('.ಗೋಮಿ', '.ಗಾಡಿ')

ಮೊದಲನೆಯದು ಗೋಮಿಯನ್ನೂ ಗಾಡಿಯನ್ನೂ ಕೊಡುತ್ತದೆ. ಎರಡನೆಯದು ಎರಡೂ ಕ್ಲಾಸ್ ಇರುವ ಕಾರ್ಡುಗಳನ್ನು ಮಾತ್ರ. ಮೂರನೆಯದು ಗೋಮಿಯ ಒಳಗೆ ಇರುವ ಗಾಡಿಯನ್ನು ಹುಡುಕುತ್ತದೆ. ನಾಲ್ಕನೆಯದರಲ್ಲಿ ಅಲ್ಪವಿರಾಮ ಉದ್ಧರಣ ಚಿಹ್ನೆಯ ಹೊರಗೆ ಬಿದ್ದಿದೆ. ಆಗ ಅದು ಪಟ್ಟಿಯಲ್ಲ, ಎರಡು ಬೇರೆ ಬೇರೆ ಆರ್ಗ್ಯುಮೆಂಟು (ಆಜ್ಞೆಗೆ ಕೊಡುವ ಮಾಹಿತಿ). ಎರಡನೆಯ ಆರ್ಗ್ಯುಮೆಂಟನ್ನು ಜೆಕ್ವೆರಿ ಹುಡುಕಬೇಕಾದ ಸ್ಥಳ ಎಂದು ಓದುತ್ತದೆ: ಗಾಡಿ ಕಾರ್ಡುಗಳ ಒಳಗೆ ಹೋಗಿ ಗೋಮಿಯನ್ನು ಹುಡುಕು. ಏನೂ ಸಿಗುವುದಿಲ್ಲ, ದೂರೂ ಬರುವುದಿಲ್ಲ. ಓದುವ ಕಣ್ಣಿಗೆ ಮಾತ್ರ ಸಾಲು ಸರಿಯಾಗಿಯೇ ಕಾಣುತ್ತದೆ. ಬೇರೆ ಬೇರೆ ಹೆಸರುಗಳನ್ನು ಬೇರೆ ಬೇರೆ ಉದ್ಧರಣದಲ್ಲಿ ಇಡುವುದೇ ನಿಮಗೆ ಹಿತವೆನಿಸಿದರೆ ಆ್ಯಡ್ ವಿಧಾನ ಬಳಸಿ. ಅದು ಇರುವ ಗುಂಪಿಗೆ ಇನ್ನೊಂದನ್ನು ಸೇರಿಸಿ ಹೊಸ ಗುಂಪು ಕೊಡುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪು ಹೀಗಿರುತ್ತದೆ (# ಎಂದರೆ ಐಡಿ, ಒಂದೇ ಅಂಶಕ್ಕೆ ಕೊಡುವ ಹೆಸರು):

$('#ಹೊಸಪಟ್ಟಿ .ಗೋಮಿ, .ಗಾಡಿ')

ಹೊಸಪಟ್ಟಿಯ ಒಳಗಿನ ಗೋಮಿ ಮತ್ತು ಗಾಡಿ ಎಂದು ಬರೆದವರ ಮನಸ್ಸಿನಲ್ಲಿ ಇರುತ್ತದೆ. ಆದರೆ ಅಲ್ಪವಿರಾಮ ದಾಟಿದ ಮೇಲೆ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಗೋಮಿ ಮಾತ್ರ ಹೊಸಪಟ್ಟಿಯದು. ಗಾಡಿ ಇಡೀ ಪುಟದ್ದು. ಇಲ್ಲಿ ಎಣಿಕೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಸಂಖ್ಯೆ ಇರಬೇಕಾದದ್ದಕ್ಕಿಂತ ಹೆಚ್ಚು ಬಂದರೆ ನಾನು ಮೊದಲು ನೋಡುವುದು ಇದನ್ನೇ. ಎರಡೂ ಕಡೆ ಹೊಸಪಟ್ಟಿಯ ಹೆಸರು ಬರೆಯಿರಿ, ಇಲ್ಲವೇ ಹೊಸಪಟ್ಟಿಯನ್ನು ಹಿಡಿದು ಅದರ ಮೇಲೆ ಫೈಂಡ್ ವಿಧಾನಕ್ಕೆ ಎರಡು ಹೆಸರುಗಳ ಪಟ್ಟಿ ಕೊಡಿ.

ಪಟ್ಟಿಯನ್ನು ಕೋಡೇ ಜೋಡಿಸುತ್ತಿದ್ದರೆ ಕೊನೆಯಲ್ಲಿ ಒಂದು ಖಾಲಿ ಹೆಸರು ಉಳಿದು, ಬರೀ ಚುಕ್ಕಿಯಿಂದ ಮುಗಿಯುವ ಸಾಲು ಹುಟ್ಟಬಹುದು. ಆಗ ಜೆಕ್ವೆರಿ ಮೌನ ಮುರಿದು ದೋಷ ಎಸೆಯುತ್ತದೆ, ಮತ್ತು ಪಟ್ಟಿಯ ಉಳಿದ ಹೆಸರುಗಳು ಸರಿಯಿದ್ದರೂ ಒಂದೂ ಸಿಗುವುದಿಲ್ಲ. ಅಂಕಿಯಿಂದ ಶುರುವಾಗುವ ಕ್ಲಾಸ್ ಹೆಸರನ್ನು ಹಾಗೆಯೇ ಸೆಲೆಕ್ಟರಿನಲ್ಲಿ ಬರೆಯಲು ಸಿಎಸ್‌ಎಸ್ ನಿಯಮ ಒಪ್ಪುವುದಿಲ್ಲ. ಜೆಕ್ವೆರಿ 3.0ರಿಂದ ಇರುವ ಎಸ್ಕೇಪ್‌ಸೆಲೆಕ್ಟರ್ ಅಂಥ ಹೆಸರುಗಳನ್ನು ಸರಿಪಡಿಸಿ ಕೊಡುತ್ತದೆ.

ಹೆಸರಿನ ನಡುವಿನ ಖಾಲಿ ಜಾಗ

ಅಂಗಡಿಯವರು ಪಟ್ಟಿಯಲ್ಲಿ “ಗಾಡಿ” ಎಂದಷ್ಟೇ ಬರೆಯುವುದಿಲ್ಲ, “ಗಾಡಿ ದಡಿ” ಎಂದೂ ಬರೆಯುತ್ತಾರೆ. ಅದು ಹಾಗೆಯೇ ಕ್ಲಾಸ್ ಆದರೆ ಬ್ರೌಸರ್ ಅದನ್ನು ಎರಡು ಕ್ಲಾಸ್ ಎಂದು ತಿಳಿಯುತ್ತದೆ. ಇತ್ತ ನಾವು ‘.ಗಾಡಿ ದಡಿ’ ಎಂದು ಹುಡುಕಿದರೆ, ಗಾಡಿ ಕ್ಲಾಸಿನ ಒಳಗೆ ದಡಿ ಎಂಬ ಹೆಸರಿನ ಟ್ಯಾಗ್ ಇದೆಯೇ ಎಂದು ಕೇಳಿದಂತಾಗುತ್ತದೆ. ಅಂಥ ಟ್ಯಾಗ್ ಪುಟದಲ್ಲಿ ಇರುವುದೇ ಇಲ್ಲ. ಎರಡಕ್ಕೂ ಚುಕ್ಕಿ ಇಟ್ಟು ಕೂಡಿಸಿ ‘.ಗಾಡಿ.ದಡಿ’ ಎನ್ನಿ, ಅಥವಾ ಮೊದಲೇ ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕಿ ಒಂದೇ ಹೆಸರಾಗಿಸಿ. ನಮ್ಮ ಪುಟದಲ್ಲಿ ಅಡ್ಡಗೆರೆಯ ವ್ಯವಸ್ಥೆ ಮೊದಲಿನಿಂದಲೂ ಇತ್ತು, ಮತ್ತು ಗೋಮಿಯ ಆ ಹನ್ನೊಂದರಲ್ಲಿ ಯಾವ ಖಾಲಿ ಜಾಗವೂ ಇರಲಿಲ್ಲ.

ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು

ಗಂಟೆ ಎರಡರ ಸುಮಾರಿಗೆ, ತಪ್ಪಿಹೋದ ಸೀರೆಗಳಲ್ಲಿ ಒಂದನ್ನು ಫಲಕದಲ್ಲಿ ತೆರೆದು ಅದರ ಕ್ಲಾಸ್ ಹೆಸರನ್ನು ಎದುರಿಗಿಟ್ಟುಕೊಂಡೆ. ಗೋಮಿ ಎಂದೇ ಇತ್ತು. ಕಾಗುಣಿತ ಸರಿ. ಹಿಂದೆ ಮುಂದೆ ಏನೂ ಇಲ್ಲ. ಬೇಸತ್ತು ಆ ಹೆಸರನ್ನು ಅಲ್ಲಿಂದಲೇ ನಕಲು ಮಾಡಿ ಕನ್ಸೋಲಿನ ಸೆಲೆಕ್ಟರಿನಲ್ಲಿ ಅಂಟಿಸಿದೆ. 11 ಎಂದಿತು. ಕೈಯಾರೆ ಟೈಪ್ ಮಾಡಿದರೆ 7. ಒಂದರ ಕೆಳಗೆ ಒಂದು ಎರಡು ಸಾಲು, ಅಕ್ಷರ ಅಕ್ಷರವೂ ಒಂದೇ, ಉತ್ತರ ಮಾತ್ರ ಬೇರೆ. ಹನ್ನೊಂದೂ ಏಳೂ ಸೇರಿದರೆ ಹದಿನೆಂಟು.

ಆಗ ಹೆಸರಿನದೇ ಉದ್ದ ಕೇಳಿದೆ. ನಾನು ಟೈಪ್ ಮಾಡಿದ ಗೋಮಿಯ ಲೆಂಗ್ತ್ 4. ಪುಟದಿಂದ ಬಂದ ಗೋಮಿಯ ಲೆಂಗ್ತ್ 6.

ಚಾರ್‌ಕೋಡ್‌ಆಟ್ ವಿಧಾನದಿಂದ ಒಂದೊಂದೇ ಸಂಕೇತ ಹೊರಗೆ ತೆಗೆದೆ. ನನ್ನದರಲ್ಲಿ 3223, 3275, 3246, 3263 ಇತ್ತು: ಗ, ಓತ್ವ, ಮ, ಇತ್ವ. ಪುಟದ್ದರಲ್ಲಿ 3223, 3270, 3266, 3285, 3246, 3263. ಅಂದರೆ ಓತ್ವದ ಒಂದು ಸಂಕೇತದ ಜಾಗದಲ್ಲಿ ಮೂರು ತುಂಡುಗಳು ಕುಳಿತಿವೆ: ಎತ್ವ, ಊಕಾರದ ಕೊಂಬು, ದೀರ್ಘ. ಅಕ್ಷರಗಳಿಗೆ ಸಂಖ್ಯೆಯ ಸಂಕೇತ ಕೊಡುವ ಯುನಿಕೋಡ್ ಮಾನದಂಡದ ಪ್ರಕಾರ ಈ ಎರಡು ಬರಹಗಳೂ ಸಮಾನ; ಫಾಂಟ್ ಎರಡನ್ನೂ ಒಂದೇ ರೀತಿ ಚಿತ್ರಿಸುತ್ತದೆ. ಆದರೆ ಎಚ್‌ಟಿಎಂಎಲ್ ಓದುವಾಗ ಬ್ರೌಸರ್ ಅವನ್ನು ಒಂದಾಗಿಸುವುದಿಲ್ಲ, ಸೆಲೆಕ್ಟರ್ ಹೋಲಿಸುವಾಗಲೂ ಒಂದಾಗಿಸುವುದಿಲ್ಲ. ಸಂಕೇತಕ್ಕೆ ಸಂಕೇತ ಹೊಂದಬೇಕು, ಇಲ್ಲವಾದರೆ ಅದು ಬೇರೆ ಹೆಸರು.

ಆ ಹನ್ನೊಂದು ನಮೂದುಗಳು ಎಲ್ಲಿಂದ ಬಂದವು ಎಂದು ಬೆಳಿಗ್ಗೆ ಕಾಕಾನನ್ನು ಕೇಳಿದೆ. ವರ್ಷಗಳ ಹಿಂದೆ ಡಿಟಿಪಿ ಅಂಗಡಿಯಲ್ಲಿ ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಸಿದ ಪಟ್ಟಿ ಅದು. ಅದನ್ನು ಒಂದು ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡಿದ್ದರು. ಆ ಕಾಲದ ಫಾಂಟುಗಳಲ್ಲಿ ಓತ್ವ ಎಂದರೆ ತುಂಡುಗಳನ್ನು ಪಕ್ಕಪಕ್ಕ ಇಟ್ಟು ಬರೆದ ಚಿತ್ರ. ಪರಿವರ್ತಕ ಪ್ರತಿ ತುಂಡನ್ನೂ ಅದರ ಯುನಿಕೋಡ್ ಸಂಕೇತಕ್ಕೆ ಬದಲಿಸಿ ಸುಮ್ಮನಾಗಿದೆ. ಮೂರನ್ನು ಬೆಸೆದು ಒಂದು ಮಾಡಿಲ್ಲ. ಉಳಿದ ಏಳು ಸೀರೆಗಳನ್ನು ಕಾಕಾನ ಮಗಳು ಈ ವರ್ಷ ಮೊಬೈಲಿನಲ್ಲಿ ನಮೂದಿಸಿದ್ದಳು.

ಗಾಡಿ, ಚಿಕ್ಕಿ, ಗಾಯತ್ರಿ ಏಕೆ ಪಾರಾದವು ಎಂಬುದೂ ಇಲ್ಲೇ ತಿಳಿಯುತ್ತದೆ. ಕನ್ನಡದ ಸ್ವರಚಿಹ್ನೆಗಳಲ್ಲಿ ಹೀಗೆ ಬಿಡಿಸಿ ಬರೆಯಲು ಬರುವುದು ಐದು ಮಾತ್ರ: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಔತ್ವಕ್ಕೆ ಅಂಥ ಬಿಡಿ ರೂಪವಿಲ್ಲ. ಆ ಮೂರು ಹೆಸರುಗಳಲ್ಲಿ ಈ ಐದರಲ್ಲಿ ಯಾವುದೂ ಇಲ್ಲ. ಸೀರೆ, ರೇಷ್ಮೆ, ಗೋಮಿ ಮೂರರಲ್ಲೂ ಇದೆ. ನಿಮ್ಮ ಪುಟದಲ್ಲಿ ಕೆಲವು ಕನ್ನಡ ಹೆಸರುಗಳು ಸಿಕ್ಕು ಕೆಲವು ಸಿಗದಿದ್ದರೆ, ಸಿಗದವುಗಳಲ್ಲಿ ಈ ಐದು ಚಿಹ್ನೆಗಳಿವೆಯೇ ಎಂದು ಮೊದಲು ನೋಡಿ.

ಕಾಕಾನಿಗೆ ಇದನ್ನು ಹೇಳುವಾಗ ಅವರದೇ ಕಸುಬಿನ ಮಾತು ಒದಗಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. “ಉಟ್ಟವರಿಗೆ ಅದು ಒಂದೇ ಸೀರೆ ಕಾಕಾ, ಯಂತ್ರ ಮಾತ್ರ ಜೋಡಿಸಿದ ಎಳೆಗಳನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ,” ಎಂದೆ. “ಹಾಗಾದರೆ ನನ್ನ ಪಟ್ಟಿಯಲ್ಲಿ ತಪ್ಪಿಲ್ಲ,” ಎಂದರು. ನಿಜ, ಅವರ ಕನ್ನಡದಲ್ಲಿ ತಪ್ಪಿರಲಿಲ್ಲ. ಹೆಸರನ್ನು ಒಳಗೆ ಬಿಟ್ಟುಕೊಳ್ಳುವಾಗ ತಪಾಸಣೆ ಮಾಡದೆ ಇದ್ದದ್ದು ನನ್ನ ಕೋಡಿನ ತಪ್ಪು.

ಪದದ ಕೊನೆಯಲ್ಲಿ ಅಡಗಿದ್ದು

ಇದೇ ಜಾತಿಯ ಇನ್ನೊಂದು ದೋಷ ಅದೇ ಪಟ್ಟಿಯಲ್ಲಿ ಸಿಕ್ಕಿತು. ಕಾಟನ್ ಎಂಬ ಕ್ಲಾಸಿನಲ್ಲಿ ಎರಡು ಸೀರೆಗಳು ಹೊರಗುಳಿದಿದ್ದವು. ಕಾಟನ್ ಎಂಬುದರ ಉದ್ದ 5 ಇರಬೇಕು, ಅಲ್ಲಿ 6 ಇತ್ತು. ಕೊನೆಯ ಸಂಕೇತ 8204. ಅದು ಅರ್ಧಾಕ್ಷರವನ್ನು ಮುಂದಿನ ಅಕ್ಷರದೊಂದಿಗೆ ಒತ್ತಾಗಿ ಕೂಡದಂತೆ ತಡೆಯುವ, ಅಗಲವೇ ಇಲ್ಲದ ಚಿಹ್ನೆ. “ಕಾಟನ್‌ನಲ್ಲಿ” ಎಂದು ಬರೆದು ನಂತರ ವಿಭಕ್ತಿಯನ್ನು ಅಳಿಸಿದರೆ ಅದು ಹಿಂದೆಯೇ ಉಳಿದುಬಿಡುತ್ತದೆ. ಪದದ ಕೊನೆಯಲ್ಲಿ ಇದ್ದಾಗ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಖಾಲಿ ಜಾಗ ಕತ್ತರಿಸುವ ಟ್ರಿಮ್ ವಿಧಾನ ಇದನ್ನು ಮುಟ್ಟುವುದಿಲ್ಲ, ಏಕೆಂದರೆ ಇದು ಖಾಲಿ ಜಾಗವೆಂದು ಲೆಕ್ಕಕ್ಕೆ ಬರುವುದಿಲ್ಲ.

ದುರಸ್ತಿ

ಜಾವಾಸ್ಕ್ರಿಪ್ಟಿನಲ್ಲಿ 2015ರ ಆವೃತ್ತಿಯಿಂದ ನಾರ್ಮಲೈಸ್ ಎಂಬ ವಿಧಾನವಿದೆ. ಯಾವುದೇ ಪದದ ಮೇಲೆ ಅದನ್ನು ಕರೆದರೆ, ಏನೂ ಹೇಳದಿದ್ದರೂ, ಬಿಡಿಸಿದ ತುಂಡುಗಳನ್ನು ಬೆಸೆದ ಎನ್‌ಎಫ್‌ಸಿ ರೂಪ ಸಿಗುತ್ತದೆ. ಆರು ಸಂಕೇತದ ಗೋಮಿ ನಾಲ್ಕಾಗುತ್ತದೆ. ಪಟ್ಟಿಯಿಂದ ಕ್ಲಾಸ್ ಹೆಸರು ಕಟ್ಟುವ ಜಾಗದಲ್ಲೇ ಇದನ್ನು ಹಾಕಿದೆ. ಅದರ ಜೊತೆಗೆ ಪದದ ಕೊನೆಯ 8204 ಮತ್ತು ಅದರ ಜೋಡಿ 8205 ಇದ್ದರೆ ತೆಗೆಯುವುದು, ನಡುವಿನ ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕುವುದು. ನಾರ್ಮಲೈಸ್ ತಾನಾಗಿ 8204ನ್ನು ತೆಗೆಯುವುದಿಲ್ಲ. ಆ ಕೆಲಸ ಬೇರೆಯಾಗಿಯೇ ಮಾಡಬೇಕು.

ಆದರೆ ಆ ಚಿಹ್ನೆಯನ್ನು ಕಂಡಕಂಡಲ್ಲಿ ಅಳಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಓದುಗರಿಗೆ ತೋರಿಸುವ ಬರಹದಲ್ಲಿ ಅದಕ್ಕೆ ಕೆಲಸವಿದೆ. “ಇಳಕಲ್‌ನ” ಎಂಬುದರಿಂದ ಅದನ್ನು ಕಿತ್ತರೆ “ಇಳಕಲ್ನ” ಎಂದು ಒತ್ತಕ್ಷರವಾಗಿ ಊರಿನ ಹೆಸರೇ ಕೆಡುತ್ತದೆ. ಕ್ಲಾಸ್ ಹೆಸರಿನ ಕೊನೆಯಲ್ಲಿ ಮಾತ್ರ ತೆಗೆಯಿರಿ.

ಸೆಲೆಕ್ಟರ್ ಸಾಲನ್ನೂ ಪರೀಕ್ಷಿಸಬೇಕು. ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಹೆಸರು ನಿಮ್ಮ ಕೋಡಿನಲ್ಲೇ ಬಿಡಿ ರೂಪದಲ್ಲಿ ಇರಬಹುದು. ಆಗ ಕಾರ್ಡುಗಳನ್ನು ಎಷ್ಟು ಸರಿಪಡಿಸಿದರೂ ಹೊಂದಿಕೆಯಾಗದು. ನಾನು ಎರಡೂ ಕಡೆಯನ್ನು ಒಂದೇ ಸಣ್ಣ ಫಂಕ್ಷನ್ ಮೂಲಕ ಹಾಯಿಸುತ್ತೇನೆ. ಪುಟದ ಹುಡುಕು ಪೆಟ್ಟಿಗೆಗೂ ಅದನ್ನೇ ಹಾಕಿದೆ, ಏಕೆಂದರೆ ಗಿರಾಕಿಗಳು ಗೋಮಿ ಎಂದು ಹುಡುಕಿದಾಗಲೂ ಆ ಹನ್ನೊಂದು ಸೀರೆಗಳು ಅಷ್ಟು ದಿನ ಕಾಣುತ್ತಲೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ನೇಯ್ದವರ ಶ್ರಮ ಕಪಾಟಿನಲ್ಲಿ ಇದ್ದೂ ಪುಟದಲ್ಲಿ ಇಲ್ಲದಂತಾಗಿತ್ತು.

ಇಷ್ಟೆಲ್ಲ ತಾಪತ್ರಯ ಏಕೆ, ಕ್ಲಾಸ್ ಹೆಸರುಗಳನ್ನು ಇಂಗ್ಲಿಷಿನಲ್ಲಿ ಇಟ್ಟರಾಯಿತು ಎಂದು ಗೆಳೆಯನೊಬ್ಬ ಹೇಳಿದ. ನಾನು ಒಪ್ಪಲಿಲ್ಲ. ದಡಿಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ನಾಲ್ಕು ಜನರಿಗೆ ನಾಲ್ಕು ಕಾಗುಣಿತ. ಆ ಗೊಂದಲವನ್ನು ಬೆಸೆಯಲು ಯಾವ ನಾರ್ಮಲೈಸ್ ವಿಧಾನವೂ ಇಲ್ಲ. ಕನ್ನಡದಲ್ಲಿ ಗೋಮಿಗೆ ಒಂದೇ ಕಾಗುಣಿತ. ಅಂಗಡಿಯಲ್ಲಿ ಪಟ್ಟಿ ತುಂಬುವ ಹುಡುಗಿ ತಾನು ಬರೆದ ಪದವನ್ನು ಕೋಡಿನಲ್ಲೂ ಗುರುತಿಸುತ್ತಾಳೆ, ತಪ್ಪಿದ್ದರೆ ತೋರಿಸುತ್ತಾಳೆ. ಅದಕ್ಕಾಗಿ ಬಾಗಿಲಲ್ಲಿ ಒಂದು ಫಂಕ್ಷನ್ ಕೂರಿಸುವುದು ದೊಡ್ಡ ಬೆಲೆಯಲ್ಲ.

ಎಣಿಕೆ ಸರಿಯಿದ್ದೂ ಫಲ ತಪ್ಪಾದರೆ

ದುರಸ್ತಿಯ ನಂತರ 41 ಬಂತು. ಕೆಲವರಿಗೆ ಮೊದಲೇ 41 ಬಂದಿರುತ್ತದೆ, ಆದರೂ ಪುಟ ಸರಿಯಾಗಿ ನಡೆಯುವುದಿಲ್ಲ. ಅಂಥಲ್ಲಿ ನಾನು ನೋಡುವ ಜಾಗಗಳು ಇವು.

ಎಲ್ಲ ಸೀರೆಗಳಿಗೂ ಒಂದೇ ಬೆಲೆ ಬಂದಿದೆಯೇ? ಗುಂಪಿನ ಮೇಲೆ ಬರೆಯುವ ಆಜ್ಞೆ ಎಲ್ಲ ಅಂಶಗಳಿಗೂ ತಗಲುತ್ತದೆ. ಓದುವ ಆಜ್ಞೆಗಳಲ್ಲಿ ಹೆಚ್ಚಿನವು ಮೊದಲ ಅಂಶದ್ದನ್ನು ಮಾತ್ರ ಕೊಡುತ್ತವೆ. ಟೆಕ್ಸ್ಟ್ ಇದಕ್ಕೆ ಹೊರತು: ಅದು ಎಲ್ಲ ಅಂಶಗಳ ಬರಹವನ್ನೂ ಸೇರಿಸಿ ಒಂದೇ ಸಾಲಾಗಿ ಕೊಡುತ್ತದೆ, ಬೆಲೆಗಳೆಲ್ಲ ಅಂಟಿಕೊಂಡು ಒಂದು ಭಾರೀ ಅಂಕಿಯಾಗುತ್ತದೆ. ಒಂದೊಂದರ ಬೆಲೆ ಓದಿ ಒಂದೊಂದಕ್ಕೆ ಬರೆಯಬೇಕಾದರೆ ಈಚ್ ವಿಧಾನದಲ್ಲಿ ಸುತ್ತು ಹಾಕಿಸಿ.

“ಇನ್ನಷ್ಟು ತೋರಿಸಿ” ಒತ್ತಿದ ಮೇಲೆ ಬಂದ ಕಾರ್ಡುಗಳು ಮಾತ್ರ ಹೊರಗುಳಿದಿವೆಯೇ? ಆಯ್ಕೆ ಎಂಬುದು ಆ ಕ್ಷಣದ ಎಣಿಕೆ. ನಂತರ ಬಂದ ಅಂಶಗಳು ಅದಕ್ಕೆ ತಾವಾಗಿ ಸೇರುವುದಿಲ್ಲ. ಮತ್ತೆ ಆರಿಸಬೇಕು. ಕ್ಲಿಕ್ ಹಿಡಿಯುವುದಾದರೆ ಪಟ್ಟಿಯ ಹೊರಕವಚದ ಮೇಲೆ ಆನ್ ವಿಧಾನ ಹಾಕಿ, ಸೆಲೆಕ್ಟರನ್ನು ಅದರ ಎರಡನೆಯ ಆರ್ಗ್ಯುಮೆಂಟಾಗಿ ಕೊಡಬೇಕು. ಇದು 2011ರ ಜೆಕ್ವೆರಿ 1.7ರಿಂದ ಇದೆ.

ಒಂದೇ ಐಡಿಯನ್ನು ಹಲವು ಕಾರ್ಡುಗಳಿಗೆ ಕೊಟ್ಟಿದ್ದರೆ ಆ ಐಡಿಯಿಂದ ಮೊದಲನೆಯದು ಮಾತ್ರ ಸಿಗುತ್ತದೆ. ಐಡಿ ಒಬ್ಬರಿಗೇ, ಗುಂಪಿಗೆ ಕ್ಲಾಸ್.

ಇನ್ನು ಕ್ರಮ. ಸೆಲೆಕ್ಟರಿನಲ್ಲಿ ಗೋಮಿಯನ್ನು ಮೊದಲು ಬರೆದ ಮಾತ್ರಕ್ಕೆ ಗುಂಪಿನಲ್ಲಿ ಗೋಮಿ ಮೊದಲು ಬರುವುದಿಲ್ಲ. ಪುಟದಲ್ಲಿ ಯಾವುದು ಮೇಲಿದೆಯೋ ಅದು ಮೊದಲು. ಮೊದಲ ಹದಿನೆಂಟು ಗೋಮಿ, ಉಳಿದದ್ದು ಗಾಡಿ ಎಂದು ನಂಬಿ ಬೇರೆ ಬೇರೆ ರಿಯಾಯಿತಿ ಕೊಟ್ಟರೆ ಲೆಕ್ಕ ಅಡ್ಡಾದಿಡ್ಡಿಯಾಗುತ್ತದೆ.

ಕೊನೆಗೆ ಕಾಕಾನ ಪುಟಕ್ಕೆ ಅವರಿಗೆ ಮಾತ್ರ ಕಾಣುವ ಒಂದು ಸಣ್ಣ ಕೋಷ್ಟಕ ಸೇರಿಸಿದೆ: ಪ್ರತಿ ದಡಿಯ ಹೆಸರು, ಅದರ ಎದುರು ಜೆಕ್ವೆರಿ ಎಣಿಸಿದ ಸಂಖ್ಯೆ. ರಾತ್ರಿ ಅಂಗಡಿ ಮುಚ್ಚುವ ಮೊದಲು ಅವರು ಅದನ್ನು ಸ್ಟಾಕ್ ಪುಸ್ತಕದ ಜೊತೆ ತಾಳೆ ನೋಡುತ್ತಾರೆ.